ಮೊದಲು ಹಾಡು, ಆಮೇಲೆ ಫೋಟೋ

ಸ್ಲೈಡ್‌ಶೋ ಮಾಡುವವರು ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂದರೆ, ಇರುವ ಫೋಟೋಗಳನ್ನೆಲ್ಲ ಒಂದು ಫೋಲ್ಡರಿಗೆ ತುಂಬಿ, ಒಂದೊಂದಾಗಿ ಸ್ಲೈಡಿಗೆ ಹಾಕಿ, ಎಲ್ಲಕ್ಕೂ ಐದೈದು ಸೆಕೆಂಡ್ ಕೊಟ್ಟು, ಕೊನೆಗೆ ಹಿಂದೆ ಏನಾದರೂ ಮ್ಯೂಸಿಕ್ ಇರಲಿ ಅಂತ ಒಂದು ಎಂಪಿ3 ಸೇರಿಸಿಬಿಡುತ್ತಾರೆ. ನನ್ನ ಪ್ರಕಾರ ಇದು ಪೂರ್ತಿ ಉಲ್ಟಾ. ಫೋಟೋ ನಾವು ಹೇಳಿದ ಹಾಗೆ ಕೇಳುತ್ತದೆ. ಎರಡು ಸೆಕೆಂಡ್ ಇಟ್ಟರೂ ಸರಿ, ಏಳು ಸೆಕೆಂಡ್ ಇಟ್ಟರೂ ಸರಿ. ಹಾಡು ಹಾಗಲ್ಲ. ಅದರ ಒಂದು ಸಾಲನ್ನು ನಮಗೆ ಬೇಕಾದಷ್ಟು ಎಳೆಯಲು ಬರುವುದಿಲ್ಲ, ಮೊಟಕು ಮಾಡಲೂ ಬರುವುದಿಲ್ಲ. ಅಂದ ಮೇಲೆ ಹೊಂದಿಕೊಳ್ಳಬೇಕಾದ್ದು ಫೋಟೋ ತಾನೆ?

ಅದಕ್ಕೇ ನಾನು ಫೋಟೋಗಳನ್ನು ತೆರೆಯುವ ಮುಂಚೆ ಹಾಡನ್ನು ಗಟ್ಟಿ ಮಾಡಿಕೊಳ್ಳುತ್ತೇನೆ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳುವುದು. ದನಿ ಎಲ್ಲಿ ಶುರುವಾಗುತ್ತದೆ, ಎಲ್ಲಿ ಬರೀ ವಾದ್ಯ ಇದೆ, ಡ್ರಮ್ಸ್ ಎಲ್ಲಿ ಬಂದು ಸೇರಿಕೊಳ್ಳುತ್ತದೆ, ಎಲ್ಲಿ ಎಲ್ಲವೂ ಒಂದು ಕ್ಷಣ ನಿಂತು ಮತ್ತೆ ಹೊರಡುತ್ತದೆ, ಇದನ್ನೆಲ್ಲ ನಿಮಿಷ ಸೆಕೆಂಡಿನ ಸಮೇತ ಒಂದು ಹಾಳೆಯಲ್ಲಿ ಬರೆದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಪಲ್ಲವಿ ಮರಳಿ ಬಂದಾಗಲೆಲ್ಲ ಒಂದೇ ಬಗೆಯ ಫೋಟೋ ಬರಲಿ, ಉದಾಹರಣೆಗೆ ಎಲ್ಲರೂ ಒಟ್ಟಿಗೆ ಇರುವಂಥವು. ಚರಣಗಳಲ್ಲಿ ಒಬ್ಬೊಬ್ಬರ ಫೋಟೋ. ನೋಡುವವರಿಗೆ ಈ ಕ್ರಮವನ್ನು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ, ಆದರೂ ಎರಡನೇ ಸಲ ಪಲ್ಲವಿ ಬರುವಷ್ಟರಲ್ಲಿ ಅವರು ಅದಕ್ಕೆ ಕಾಯುತ್ತಿರುತ್ತಾರೆ. ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದೇ.

ಈಗ ಲೆಕ್ಕ. ಒಂದು ನಿಮಿಷಕ್ಕೆ ಎಷ್ಟು ಬೀಟ್ ಅನ್ನುವುದಕ್ಕೆ ಬಿಪಿಎಂ ಅನ್ನುತ್ತಾರಲ್ಲ, 60ನ್ನು ಅದರಿಂದ ಭಾಗಿಸಿದರೆ ಒಂದು ಬೀಟ್‌ಗೆ ಎಷ್ಟು ಸೆಕೆಂಡ್ ಅಂತ ಸಿಗುತ್ತದೆ. 120 ಬಿಪಿಎಂ ಹಾಡಾದರೆ ಒಂದು ಬೀಟ್ ಅರ್ಧ ಸೆಕೆಂಡ್. ಎಂಟು ಬೀಟ್‌ಗೆ ನಾಲ್ಕು ಸೆಕೆಂಡ್. ಎಂಟು ಬೀಟ್‌ಗೆ ಒಂದು ಫೋಟೋ ಅಂದರೆ ಮೂರು ನಿಮಿಷದ ಹಾಡಿಗೆ 45 ಫೋಟೋ ಹಿಡಿಸುತ್ತವೆ. ಹಾಡು ನಿಧಾನವಾಗಿದ್ದು 90 ಬಿಪಿಎಂ ಆದರೆ ಎಂಟು ಬೀಟ್‌ಗೆ 5.33 ಸೆಕೆಂಡ್, ಫೋಟೋ 33ಕ್ಕೆ ಇಳಿಯುತ್ತವೆ. ಈ ಸಂಖ್ಯೆ ತುಂಬಾ ಉಪಯೋಗಕ್ಕೆ ಬರುತ್ತದೆ. ಕೈಯಲ್ಲಿ ಇನ್ನೂರು ಫೋಟೋ ಇದ್ದು ಜಾಗ ನಲವತ್ತೈದಕ್ಕೇ ಇದೆ ಅಂತ ಗೊತ್ತಾದಾಗ ಆರಿಸುವ ಕೆಲಸ ನಿಜವಾಗಿ ಶುರುವಾಗುತ್ತದೆ. ಒಂದೇ ಜಾಗದ, ಒಂದೇ ನಗುವಿನ ಆರು ಫೋಟೋಗಳಲ್ಲಿ ಐದನ್ನು ಬಿಡಲೇಬೇಕು. ಬಿಡಿ. ಇನ್ನೂರನ್ನೂ ತುರುಕಿದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ.

ಆದರೆ ಎಲ್ಲ ಹಾಡೂ ನಾಲ್ಕರ ಲೆಕ್ಕದಲ್ಲಿ ಇರುವುದಿಲ್ಲ. ಆದಿ ತಾಳದ್ದಾದರೆ ಎಂಟು ಎಣಿಕೆ, ಸಲೀಸು. ಮಿಶ್ರ ಛಾಪು ಆದರೆ ಏಳು, ಮೂರು ಮತ್ತು ನಾಲ್ಕಾಗಿ ಒಡೆಯುತ್ತದೆ, ಅಲ್ಲಿ ಎಂಟಕ್ಕೊಂದು ಫೋಟೋ ಇಟ್ಟರೆ ಪ್ರತಿ ಆವರ್ತದಲ್ಲೂ ಒಂದೊಂದು ಎಣಿಕೆ ಜಾರುತ್ತಾ ಹೋಗಿ ನೋಡುವವರಿಗೆ ಏನೋ ಸರಿ ಇಲ್ಲ ಅನ್ನಿಸುತ್ತದೆ, ಏನು ಅಂತ ಮಾತ್ರ ಹೇಳಲು ಬರುವುದಿಲ್ಲ. ಇನ್ನು ಕಛೇರಿಯಲ್ಲಿ ನೇರವಾಗಿ ರೆಕಾರ್ಡ್ ಮಾಡಿದ ಹಾಡುಗಳಲ್ಲಿ ವೇಗ ಸ್ವಲ್ಪ ಸ್ವಲ್ಪ ಏರಿ ಇಳಿಯುತ್ತಿರುತ್ತದೆ. ಅಲ್ಲಿ ಕ್ಯಾಲ್ಕುಲೇಟರ್ ಸಾಲುವುದಿಲ್ಲ, ಕಿವಿಯಿಂದಲೇ ಗುರುತು ಹಾಕಿಕೊಳ್ಳಬೇಕು.

ಗುರುತು ಹಾಕಲು ಆಡಾಸಿಟಿ ಸಾಕು. ಉಚಿತ ಸಾಫ್ಟ್‌ವೇರ್. ಹಾಡು ಓಡುತ್ತಿರುವಾಗಲೇ ಕಂಟ್ರೋಲ್ ಮತ್ತು ಎಂ ಒತ್ತಿದರೆ ಆ ಜಾಗಕ್ಕೆ ಒಂದು ಲೇಬಲ್ ಬೀಳುತ್ತದೆ. ತಾಳ ಹಾಕಿದ ಹಾಗೆ ಒತ್ತುತ್ತಾ ಹೋಗಿ, ಆಮೇಲೆ ಅಲೆಯ ಚಿತ್ರ ನೋಡಿಕೊಂಡು ಲೇಬಲ್‌ಗಳನ್ನು ಅತ್ತಿತ್ತ ಸರಿಸಿ ಸರಿ ಮಾಡಿ. ಡ್ರಮ್ಮಿನ ಪೆಟ್ಟು ಬಿದ್ದ ಕಡೆ ಅಲೆ ಎದ್ದು ನಿಂತಿರುವುದು ಕಣ್ಣಿಗೇ ಕಾಣಿಸುತ್ತದೆ. ಲೇಬಲ್‌ಗಳನ್ನು ಟೆಕ್ಸ್ಟ್ ಫೈಲಾಗಿ ಹೊರಗೆ ತೆಗೆಯಬಹುದು, ಸೆಕೆಂಡುಗಳ ಪಟ್ಟಿ ರೆಡಿ.

ಗುರುತು ಹಾಕಿದ್ದೀವಿ ಅಂತ ಪ್ರತಿ ಬೀಟ್‌ಗೂ ಫೋಟೋ ಬದಲಾಯಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು ನನಗೆ. ಒಂದೇ ಥರ ಬಡಿಯುತ್ತಿದ್ದರೆ ಸ್ವಲ್ಪ ಹೊತ್ತಿಗೆ ನೋಡುವವರಿಗೆ ಸುಸ್ತು. ಹಾಡಿನ ಸಾಲು ಮುಗಿದು ಹೊಸ ಸಾಲು ಹಿಡಿಯುವ ಕಡೆ ಬದಲಾಯಿಸಿ. ಜೋರಾದ ಜಾಗಕ್ಕೆ ಬಂದಾಗ ನಾಲ್ಕೈದು ಫೋಟೋಗಳನ್ನು ಬೀಟ್ ಬೀಟ್‌ಗೆ ಹಾರಿಸಿ, ತಕ್ಷಣ ಮುಂದಿನದನ್ನು ಹದಿನಾರು ಬೀಟ್ ತನಕ ಹಾಗೇ ನಿಲ್ಲಿಸಿ. ಆ ನಿಂತ ಫೋಟೋವನ್ನು ಜನ ನಿಜವಾಗಿ ನೋಡುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ. ಫೋಟೋ ಬೀಟ್‌ನ ಮೇಲೇ ಸರಿಯಾಗಿ ಬೀಳಬೇಕಾ, ಸ್ವಲ್ಪ ಮುಂಚೆಯಾ, ಆಮೇಲೆಯಾ? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಟಿವಿ ಪ್ರಸಾರಕ್ಕೆ ಕೊಟ್ಟಿರುವ ಒಂದು ಶಿಫಾರಸಿನ ಪ್ರಕಾರ, ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂಚೆ ಬಂದರೆ ಸಾಕು, ನೋಡುವವರಿಗೆ ಗೊತ್ತಾಗಲು ಶುರುವಾಗುತ್ತದೆ. ತಡವಾಗಿ ಬಂದರೆ ಮಾತ್ರ ಸುಮಾರು 125 ಮಿಲಿಸೆಕೆಂಡ್ ತನಕ ಗೊತ್ತಾಗುವುದಿಲ್ಲ. ಯೋಚಿಸಿದರೆ ಸಹಜ ಅನ್ನಿಸುತ್ತದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಬೆಳಕು ಕಣ್ಣು ಮಿಟುಕಿಸುವ ಮುಂಚೆ ಬಂದಿರುತ್ತದೆ. ದೂರದಲ್ಲಿ ಯಾರೋ ಕೊಡಲಿ ಬೀಸಿದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಕೇಳುತ್ತದೆ. ನಮ್ಮ ಮಿದುಳಿಗೆ ಈ ಕ್ರಮ ಒಗ್ಗಿಹೋಗಿದೆ. ಹಾಗಾಗಿ ಫೋಟೋ ಬೀಟ್‌ಗಿಂತ ಒಂದೆರಡು ಫ್ರೇಮ್ ಮುಂಚೆ ಬರಲಿ. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೋದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಅಷ್ಟೇ ಸಾಕು, ಬದಲಾವಣೆ ಗರಿಗರಿಯಾಗಿ ಕಾಣುತ್ತದೆ. ಒಂದು ಫೋಟೋ ಮತ್ತೊಂದರಲ್ಲಿ ಕರಗುವ ಡಿಸಾಲ್ವ್ ಬಳಸುತ್ತಿದ್ದರೆ, ಹೊಸ ಫೋಟೋ ಪೂರ್ತಿ ಬಂದು ನಿಲ್ಲುವ ಹೊತ್ತಿಗೆ ಪೆಟ್ಟು ಬೀಳುವ ಹಾಗೆ ಇಡುತ್ತೇನೆ. ಅಂದರೆ ಒಂದು ಸೆಕೆಂಡಿನ ಡಿಸಾಲ್ವ್ ಆದರೆ ಬೀಟ್‌ಗೆ ಒಂದು ಸೆಕೆಂಡ್ ಮುಂಚೆಯೇ ಶುರು.

ಪವರ್‌ಪಾಯಿಂಟ್‌ನಲ್ಲಿ ಇದನ್ನೆಲ್ಲ ಮಾಡಬಹುದಾ? ಒಂದು ಮಟ್ಟದ ತನಕ ಮಾಡಬಹುದು. ಹಾಡು ಸೇರಿಸಿ ಪ್ಲೇಬ್ಯಾಕ್‌ನಲ್ಲಿ ಪ್ಲೇ ಇನ್ ಬ್ಯಾಕ್‌ಗ್ರೌಂಡ್ ಆರಿಸಿ, ಇಲ್ಲದಿದ್ದರೆ ಸ್ಲೈಡ್ ಬದಲಾದ ತಕ್ಷಣ ಹಾಡು ನಿಲ್ಲುತ್ತದೆ. ಟ್ರಾನ್ಸಿಷನ್ಸ್‌ನಲ್ಲಿ (ಒಂದು ಸ್ಲೈಡ್ ಹೋಗಿ ಇನ್ನೊಂದು ಬರುವ ಎಫೆಕ್ಟ್‌ಗಳ ಟ್ಯಾಬ್) ಆಫ್ಟರ್ ಅನ್ನುವ ಕಡೆ ಸೆಕೆಂಡಿನ ನೂರನೇ ಒಂದು ಭಾಗದ ತನಕ ಸಮಯ ಕೊಡಬಹುದು, 5.33 ಅಂತ ಬರೆದರೆ ತೆಗೆದುಕೊಳ್ಳುತ್ತದೆ. ಆದರೆ ಟ್ರಾನ್ಸಿಷನ್ ಓಡಲು ಹಿಡಿಯುವ ಸಮಯ ಇದರ ಮೇಲೆ ಬೇರೆಯಾಗಿ ಸೇರಿಕೊಳ್ಳುತ್ತದೆ. ಅರ್ಧ ಸೆಕೆಂಡಿನ ಫೇಡ್ ಇದ್ದರೆ ನಲವತ್ತು ಸ್ಲೈಡ್ ಆಗುವಷ್ಟರಲ್ಲಿ 20 ಸೆಕೆಂಡ್ ಹಿಂದೆ ಬಿದ್ದಿರುತ್ತೀರಿ. ಹಾಗಾಗಿ 5.33 ಬೇಕಿದ್ದರೆ 4.83 ಅಂತ ಕೊಡಿ. ಇನ್ನೊಂದು, ಸ್ಲೈಡಿನ ಒಳಗಿನ ಅನಿಮೇಷನ್ ಆ ಸಮಯಕ್ಕಿಂತ ಉದ್ದವಾಗಿದ್ದರೆ ಅದು ಮುಗಿಯುವ ತನಕ ಸ್ಲೈಡ್ ಮುಂದೆ ಹೋಗುವುದಿಲ್ಲ.

ಪವರ್‌ಪಾಯಿಂಟ್‌ನಲ್ಲಿ ಹೆಚ್ಚು ಜನ ಮುಟ್ಟಿಯೂ ನೋಡದ ಒಂದು ಸೌಲಭ್ಯ ಇದೆ, ಬುಕ್‌ಮಾರ್ಕ್. ಆಡಿಯೋ ಮೇಲೆ ಬೇಕಾದ ಜಾಗದಲ್ಲಿ ಬುಕ್‌ಮಾರ್ಕ್ ಹಾಕಿ, ಒಂದು ಅನಿಮೇಷನ್‌ನ ಟ್ರಿಗರ್ ಆಗಿ, ಅಂದರೆ ಅದನ್ನು ಶುರು ಮಾಡುವ ಸೂಚನೆಯಾಗಿ, ಆ ಬುಕ್‌ಮಾರ್ಕನ್ನು ಆರಿಸಿದರೆ, ಹಾಡು ಆ ಜಾಗಕ್ಕೆ ಬಂದಾಗಲೇ ಚಿತ್ರ ಬರುತ್ತದೆ. ಇಲ್ಲಿ ಗಡಿಯಾರದ ಲೆಕ್ಕವೇ ಇಲ್ಲ, ಹಾಡೇ ಚಿತ್ರವನ್ನು ಕರೆಯುತ್ತದೆ. ಒಂದೇ ಸ್ಲೈಡಿನಲ್ಲಿ ಐದಾರು ಚಿತ್ರ ಅಥವಾ ಐಕಾನ್ ಒಂದರ ಮೇಲೊಂದು ಬರಬೇಕಾದಾಗ ನಾನು ಇದನ್ನೇ ಬಳಸುತ್ತೇನೆ.

ಆದರೂ ಪೂರ್ತಿ ಹಾಡಿಗೆ ಕೂದಲೆಳೆಯಷ್ಟೂ ತಪ್ಪದ ಹಾಗೆ ಬೇಕು ಅಂದರೆ ವಿಡಿಯೋ ಎಡಿಟರ್‌ಗೆ ಹೋಗಿ. ಕೆಡೆನ್‌ಲೈವ್, ಶಾಟ್‌ಕಟ್, ಓಪನ್‌ಶಾಟ್ ಮೂರೂ ಉಚಿತ. ಸ್ಲೈಡ್‌ಶೋ ಕಂಪ್ಯೂಟರಿನಲ್ಲಿ ನೇರವಾಗಿ ಓಡುವಾಗ ಹಾಡು ತನ್ನ ಪಾಡಿಗೆ ಓಡುತ್ತಿರುತ್ತದೆ, ಸ್ಲೈಡ್‌ಗಳು ತಮ್ಮ ಪಾಡಿಗೆ. ದೊಡ್ಡ ಫೋಟೋ ಒಂದು ತೆರೆಯಲು ತಡ ಮಾಡಿದರೆ ಅಲ್ಲಿಂದ ಮುಂದೆ ಎಲ್ಲವೂ ತಡ. ವಿಡಿಯೋದಲ್ಲಿ ಎರಡೂ ಒಂದೇ ಟೈಮ್‌ಲೈನ್‌ಗೆ ಕಟ್ಟಿಕೊಂಡಿರುತ್ತವೆ. ಹಳೆಯ ಸ್ಲೈಡ್ ಪ್ರೊಜೆಕ್ಟರ್ ಕಾಲದವರೂ ಈ ತೊಂದರೆಯನ್ನು ಹೀಗೇ ಬಿಡಿಸಿಕೊಂಡಿದ್ದರು. ಕ್ಯಾಸೆಟ್‌ನ ಒಂದು ಟ್ರ್ಯಾಕಿನಲ್ಲಿ ಹಾಡು, ಇನ್ನೊಂದರಲ್ಲಿ ನೋಡುವವರಿಗೆ ಕೇಳಿಸದ ಒಂದು ಸಿಗ್ನಲ್. ಸಿಗ್ನಲ್ ಬಂದ ಕಡೆ ಪ್ರೊಜೆಕ್ಟರ್ ಮುಂದಿನ ಸ್ಲೈಡ್ ಬೀಳಿಸುತ್ತಿತ್ತು. ಎರಡು ಪ್ರೊಜೆಕ್ಟರ್ ಇಟ್ಟು ಒಂದರ ದೀಪ ಇಳಿಸುತ್ತಾ ಇನ್ನೊಂದರದ್ದು ಏರಿಸಿದರೆ ಅದೇ ಡಿಸಾಲ್ವ್. ಕೊಡಾಕ್ ಕ್ಯಾರೋಸೆಲ್ ಅನ್ನುವ ಸ್ಲೈಡ್ ಪ್ರೊಜೆಕ್ಟರ್‌ನ ಸಾಮಾನ್ಯ ಟ್ರೇಯಲ್ಲಿ 80 ಸ್ಲೈಡ್ ಹಿಡಿಯುತ್ತಿದ್ದವು, ಅಷ್ಟರಲ್ಲೇ ಎಲ್ಲ ಮುಗಿಸಬೇಕಿತ್ತು. 1987ರಲ್ಲಿ ಪವರ್‌ಪಾಯಿಂಟ್ ಬಂತು, ಕೊಡಾಕ್ 2004ರಲ್ಲಿ ಸ್ಲೈಡ್ ಪ್ರೊಜೆಕ್ಟರ್ ಮಾಡುವುದನ್ನೇ ನಿಲ್ಲಿಸಿತು. ಆ 80 ಸ್ಲೈಡಿನ ಮಿತಿ ಮಾತ್ರ ಒಳ್ಳೆಯದೇ ಆಗಿತ್ತು ಅನ್ನಿಸುತ್ತದೆ ನನಗೆ.

ಎಡಿಟರಿಗೆ ಹಾಕುವ ಮುಂಚೆ ಎಂಪಿ3ಯನ್ನು ವೇವ್ (.wav) ಫೈಲ್ ಮಾಡಿಕೊಳ್ಳಿ. ಕೆಲವು ಎಂಪಿ3ಗಳಲ್ಲಿ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಡೇಟಾ ಅನ್ನುವುದು, ಒಂದೇ ಸಮ ಇರುವುದಿಲ್ಲ, ಆಗ ಕೆಲವು ಸಾಫ್ಟ್‌ವೇರ್ ಸಮಯವನ್ನು ತಪ್ಪಾಗಿ ಎಣಿಸುತ್ತವೆ. ಮತ್ತೆ ಕೆಲಸ ಮಾಡುವಾಗ ಬ್ಲೂಟೂತ್ ಹೆಡ್‌ಫೋನ್ ಬೇಡ, ತಂತಿ ಇರುವುದೇ ಬೇಕು. ಬ್ಲೂಟೂತ್‌ನಲ್ಲಿ ಸದ್ದು 100ರಿಂದ 200 ಮಿಲಿಸೆಕೆಂಡ್ ತಡವಾಗುವುದು ಮಾಮೂಲಿ, ಅದನ್ನು ನಂಬಿ ಹಾಕಿದ ಗುರುತುಗಳೆಲ್ಲ ಅಷ್ಟಷ್ಟು ಹಿಂದೆ ಬೀಳುತ್ತವೆ.

ಫೋಟೋಗಳ ವಿಷಯಕ್ಕೆ ಬಂದರೆ, ಫುಲ್ ಎಚ್‌ಡಿ ಪರದೆ ಅಂದರೆ 1920 ಗುಣಿಸು 1080 ಪಿಕ್ಸೆಲ್, ಸುಮಾರು ಎರಡು ಮೆಗಾಪಿಕ್ಸೆಲ್ ಅಷ್ಟೇ. 4000 ಗುಣಿಸು 3000ದ ಫೋಟೋವನ್ನು 16:9ಕ್ಕೆ ಕತ್ತರಿಸಿದರೆ ಮೇಲೆ ಕೆಳಗೆ ಸೇರಿ ಕಾಲು ಭಾಗ ಹೋಗುತ್ತದೆ. ಎಲ್ಲಿ ಹೋಗಬೇಕು ಅಂತ ನೀವೇ ನೋಡಿ ಕತ್ತರಿಸಿ. ಸಾಫ್ಟ್‌ವೇರ್‌ಗೆ ಬಿಟ್ಟರೆ ಯಾರದ್ದಾದರೂ ತಲೆ ಹೋಗುತ್ತದೆ. ಉದ್ದುದ್ದ ಫೋಟೋಗಳಿದ್ದರೆ ಎರಡನ್ನು ಅಕ್ಕಪಕ್ಕ ಇಡಿ, ಅಥವಾ ಕಪ್ಪು ಹಿನ್ನೆಲೆಯಲ್ಲಿ ಹಾಗೇ ಬಿಡಿ. ಅದೇ ಫೋಟೋವನ್ನು ಮಸುಕು ಮಾಡಿ ಹಿಂದೆ ತುಂಬಿಸುವುದು ನನಗೆ ಇಷ್ಟವಿಲ್ಲ, ಕಣ್ಣು ಸುಮ್ನೆ ಅಂಚಿಗೆ ಹೋಗುತ್ತದೆ. ನಿಧಾನವಾಗಿ ಝೂಮ್ ಆಗುತ್ತಾ ಸರಿಯುವ ಕೆನ್ ಬರ್ನ್ಸ್ ಎಫೆಕ್ಟ್ ಬೇಕಿದ್ದರೆ ಪರದೆಗಿಂತ ದೊಡ್ಡ ಫೋಟೋವನ್ನೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಹತ್ತಿರ ಹೋದಷ್ಟೂ ಮಂಜಾಗುತ್ತದೆ. ಝೂಮ್ ಒಂದು ಮುಖದ ಕಡೆಗೋ, ಕೈಯ ಕಡೆಗೋ ಹೋಗಬೇಕು. ಬರೀ ನಡುಮಧ್ಯಕ್ಕೆ ಹೋದರೆ ಅದಕ್ಕೆ ಅರ್ಥ ಇಲ್ಲ.

ಐಕಾನ್‌ಗಳನ್ನು ನಾನು ಯಾಕೆ ಇಷ್ಟಪಡುತ್ತೇನೆ ಅಂದರೆ, ಹಾಡಿನಲ್ಲಿ ಮಾತು ಇರುವಾಗ ಪರದೆಯ ಮೇಲೂ ಓದುವ ಮಾತು ಇದ್ದರೆ ಎರಡೂ ಕೈತಪ್ಪುತ್ತವೆ. ಕಿವಿ ಒಂದು ಸಾಲು ಕೇಳುತ್ತಿರುವಾಗ ಕಣ್ಣು ಇನ್ನೊಂದು ಸಾಲು ಓದುವುದು ಕಷ್ಟ. ಅಲ್ಲಿ ಒಂದು ಪುಟ್ಟ ಬಸ್ಸು, ಒಂದು ಗಡಿಯಾರ, ಒಂದು ಮಳೆಮೋಡ ಇಟ್ಟರೆ ಓದುವ ಕೆಲಸವೇ ಇಲ್ಲದೆ ವಿಷಯ ಗೊತ್ತಾಗುತ್ತದೆ. ಆಪಲ್ ಕಂಪನಿಯ 1984ರ ಮ್ಯಾಕಿಂತಾಷ್ ಕಂಪ್ಯೂಟರಿಗೆ ಡಿಸೈನರ್ ಸೂಸನ್ ಕೇರ್ ಐಕಾನ್‌ಗಳನ್ನು ಬರೆದಾಗ ಅವರಿಗೆ ಸಿಕ್ಕಿದ್ದು 32 ಗುಣಿಸು 32 ಚೌಕಗಳು, ಬಣ್ಣ ಕಪ್ಪು ಬಿಳುಪು ಮಾತ್ರ. ಅಷ್ಟರಲ್ಲೇ ನಗುವ ಕಂಪ್ಯೂಟರ್ ಬಂತು. ಐಕಾನ್ ಎಷ್ಟು ಸರಳವಾಗಿದ್ದರೆ ಸಾಕು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಒಂದು ಸ್ಲೈಡ್‌ಶೋಗೆ ಒಂದೇ ಸೆಟ್ ಬಳಸಿ. ಗೆರೆಯವು ಅಂದರೆ ಎಲ್ಲವೂ ಗೆರೆಯವು, ತುಂಬಿದವು ಅಂದರೆ ಎಲ್ಲವೂ ತುಂಬಿದವು, ಗೆರೆಯ ದಪ್ಪವೂ ಒಂದೇ. ಗೆರೆಗಳ ಲೆಕ್ಕದಲ್ಲಿ ಉಳಿಸಿದ ಎಸ್‌ವಿಜಿ ಫೈಲ್ ಸಿಕ್ಕರೆ ಪಿಕ್ಸೆಲ್‌ಗಳಲ್ಲಿ ಉಳಿಸಿದ ಪಿಎನ್‌ಜಿ ಬೇಡ, ಎಸ್‌ವಿಜಿಯನ್ನು ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ, ಬಣ್ಣವನ್ನೂ ಬದಲಾಯಿಸಿಕೊಳ್ಳಬಹುದು. ಐಕಾನ್ ಬೀಟ್‌ಗೆ ಸರಿಯಾಗಿ ಬಂದು ನಿಂತರೆ ಸಾಕು. ಕುಣಿಯುವುದು, ತಿರುಗುವುದು ಬೇಡ.

ಕನ್ನಡದಲ್ಲಿ ಹೆಸರು, ಶೀರ್ಷಿಕೆ ಹಾಕುವವರಿಗೆ ಎರಡು ಮಾತು. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ಆದ್ದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ. ಬೇರೆ ಕಂಪ್ಯೂಟರಿನಲ್ಲಿ ತೋರಿಸುವುದಿದ್ದರೆ ಫಾಂಟ್ ಎಂಬೆಡ್ ಮಾಡಿ, ಅಂದರೆ ಫೈಲಿನ ಒಳಗೇ ಸೇರಿಸಿ, ಇಲ್ಲವೇ ವಿಡಿಯೋ ಮಾಡಿಕೊಂಡೇ ಹೋಗಿ. ನೋಟೋ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ, ದೂರಕ್ಕೂ ಚೆನ್ನಾಗಿ ಕಾಣುತ್ತದೆ.

ಕೊನೆಯದಾಗಿ, ನಾಲ್ಕು ಜನರಿಗೆ ತೋರಿಸುವ ಅಥವಾ ಇಂಟರ್ನೆಟ್ಟಿಗೆ ಹಾಕುವ ಯೋಚನೆ ಇದ್ದರೆ ಹಾಡಿನ ಹಕ್ಕು ನೋಡಿಕೊಳ್ಳಿ. ಮಾಡಿದವರೇ ಕೆಲವು ಷರತ್ತಿನ ಮೇಲೆ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಲೈಸೆನ್ಸ್ ಅಂತ ಬರೆದಿದ್ದರೆ ಹೇಗೆ ಬೇಕಾದರೂ ಬಳಸಬಹುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಅದರಲ್ಲಿ ಎನ್‌ಡಿ (ನೋ ಡೆರಿವೇಟಿವ್ಸ್) ಅಂತ ಇದ್ದರೆ ಬದಲಾಯಿಸಿದ್ದನ್ನು ಹಂಚುವಂತಿಲ್ಲ. ಹಾಡನ್ನು ಓಡುವ ಚಿತ್ರಗಳ ಜೊತೆ ಸಮಯಕ್ಕೆ ಸರಿಯಾಗಿ ಜೋಡಿಸುವುದನ್ನೂ ಆ ಲೈಸೆನ್ಸ್ ಬದಲಾಯಿಸುವುದು ಅಂತಲೇ ಎಣಿಸುತ್ತದೆ. ಅಂದರೆ ನಾವು ಮಾಡುವ ಈ ಕೆಲಸಕ್ಕೆ ಎನ್‌ಡಿ ಹಾಡು ಆಗುವುದೇ ಇಲ್ಲ. ಇನ್ನೊಂದು, ನೂರಾರು ವರ್ಷ ಹಳೆಯ ರಚನೆಯ ಮೇಲೆ ಯಾರ ಹಕ್ಕೂ ಇಲ್ಲದಿರಬಹುದು, ಆದರೆ ಅದನ್ನು ಇತ್ತೀಚೆಗೆ ಹಾಡಿ ರೆಕಾರ್ಡ್ ಮಾಡಿದವರ ಹಕ್ಕು ಬೇರೆ. ಸಿಸಿ ಬಿವೈ (ಹೆಸರು ಹಾಕಿ ಬಳಸಬಹುದಾದದ್ದು) ಅಥವಾ ಸಿಸಿ ಝೀರೋ (ಹಕ್ಕನ್ನೇ ಬಿಟ್ಟುಕೊಟ್ಟದ್ದು) ಇರುವ ಹಾಡು ಹುಡುಕಿ. ಬಿವೈ ಇದ್ದರೆ ಮಾಡಿದವರ ಹೆಸರು, ಹಾಡಿನ ಹೆಸರು, ಲೈಸೆನ್ಸ್ ಮೂರನ್ನೂ ಕೊನೆಯ ಸ್ಲೈಡಿನಲ್ಲಿ ಹಾಕಿ. ಆ ಸ್ಲೈಡಿಗೂ ಹಾಡಿನಲ್ಲಿ ಮೊದಲೇ ಜಾಗ ಇಟ್ಟುಕೊಳ್ಳಿ, ಹದಿನಾರು ಬೀಟ್ ಆದರೂ ಬೇಕು, ನಿಧಾನವಾಗಿ ಓದಲು ಆಗಬೇಕಲ್ವಾ.