ಕಪ್ಪು ಚುಕ್ಕಿಯ ಏಲಕ್ಕಿ ಬಾಳೆ

ಗಾಂಧಿ ಬಜಾರಿನಿಂದ ತಂದ ಏಲಕ್ಕಿ ಬಾಳೆಹಣ್ಣು. ಪೂಜೆ ಮುಗಿದು ನಾಲ್ಕು ದಿನಕ್ಕೆ ಮೈತುಂಬ ಕಪ್ಪು ಚುಕ್ಕಿ. ಸಿಪ್ಪೆ ಕಾಗದದಷ್ಟು ತೆಳ್ಳಗೆ. ಮುಟ್ಟಿದರೆ ಸಾಕು, ತೊಟ್ಟಿನಿಂದ ಕಳಚಿ ಬೀಳುತ್ತಿತ್ತು.

ಅಮ್ಮನ ಕೈಗೆ ಸಿಕ್ಕಿದ್ದರೆ ರಸಾಯನ ಆಗುತ್ತಿತ್ತು. ನಾನು ಬನಾನಾ ಬ್ರೆಡ್ ಮಾಡಿದೆ.

ಎಂಟು ಹಣ್ಣು ಕಿವುಚಿದೆ. ಮೈದಾ ಬೇಡ ಅಂತ ಅರ್ಧ ರಾಗಿ ಹಿಟ್ಟು, ಅರ್ಧ ಗೋಧಿ ಹಿಟ್ಟು. ಮೊಟ್ಟೆ ಬದಲು ಹುಳಿ ಮೊಸರು. ಸೋಡಾ ಬಿದ್ದ ಕೂಡಲೇ ಹುದುಗಿದ ದೋಸೆ ಹಿಟ್ಟಿನ ಹಾಗೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಅದನ್ನೇ ಸುಮ್ನೆ ನೋಡುತ್ತಾ ನಿಂತುಬಿಟ್ಟೆ.

ಸಕ್ಕರೆ ಹಾಕಲಿಲ್ಲ. ಹಣ್ಣು ಮಾಗುತ್ತಾ ಒಳಗಿನ ಪಿಷ್ಟವನ್ನು ತಾನೇ ಸಿಹಿ ಮಾಡಿಕೊಂಡಿರುತ್ತದಲ್ಲ, ಅಷ್ಟು ಸಾಕು. 180 ಡಿಗ್ರಿ, 50 ನಿಮಿಷ.

ಓವನ್ ಬಿಸಿಗೆ ಮೊಸರಿನ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಆದರೆ ರಾಗಿಯ ನಾರು ಉಳಿಯುತ್ತದೆ. ಹೊಟ್ಟೆಯೊಳಗಿನ ಒಳ್ಳೆ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ನಾವು ತಿನ್ನುವಾಗ ಅವಕ್ಕೂ ಒಂದು ಎಲೆ ಹಾಕಿದ ಹಾಗೆ, ಅಲ್ವಾ?

ಸಂಜೆ ಅಪ್ಪ ಫಿಲ್ಟರ್ ಕಾಫಿ ಜೊತೆ ಒಂದು ತುಂಡು ತಿಂದರು. ಏನೂ ಹೇಳಲಿಲ್ಲ. ತಟ್ಟೆಯನ್ನು ಮತ್ತೆ ಮುಂದೆ ಚಾಚಿದರು.