ಮೆಕ್ಕೆಜೋಳಕ್ಕೊಂದು ಹಬ್ಬ

ಬ್ರೆಜಿಲ್‌ನ ಈಶಾನ್ಯ ಭಾಗದ ಒಳನಾಡು ನಮ್ಮ ಜಗಳೂರಿನ ಹಾಗೇ ಒಣಭೂಮಿ. ಮಳೆ ಬಂದರೆ ಬಂತು, ಇಲ್ಲಾಂದ್ರೆ ಇಲ್ಲ. ಅಲ್ಲಿನ ರೈತರು ಮಾರ್ಚ್ 19ರಂದು ಆಕಾಶ ನೋಡುತ್ತಾರೆ. ಅದು ಸಂತ ಜೋಸೆಫರ ದಿನ. ಅವತ್ತು ಮಳೆ ಬಿದ್ದರೆ ಆ ವರ್ಷ ಬೆಳೆ ಕೈ ಹಿಡಿಯುತ್ತದೆ ಅನ್ನುವುದು ಅವರ ನಂಬಿಕೆ. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಅಂತ ನಾವೂ ಅನ್ನುತ್ತೇವಲ್ವಾ? ಇದನ್ನು ಮೊದಲು ಓದಿದಾಗ ನನಗೆ ನಮ್ಮ ಅಜ್ಜನೇ ಮಾತಾಡಿದ ಹಾಗಾಯ್ತು.

ಆಗ ಬಿತ್ತಿದ ಮೆಕ್ಕೆಜೋಳ ಜೂನ್ ಹೊತ್ತಿಗೆ ಹಾಲುತೆನೆಗೆ ಬರುತ್ತದೆ. ಸರಿಯಾಗಿ ಆ ತಿಂಗಳೇ ಹಬ್ಬ. ಜೂನ್ 13ಕ್ಕೆ ಸಂತ ಆಂಟೋನಿ, 24ಕ್ಕೆ ಸಂತ ಜಾನ್, 29ಕ್ಕೆ ಸಂತ ಪೀಟರ್. ದೊಡ್ಡದು ಸಂತ ಜಾನ್ ಹಬ್ಬ. 23ರ ರಾತ್ರಿ ಮನೆ ಮುಂದೆ ಬೆಂಕಿ ಹಾಕಿ, ತೆನೆ ಸುಡುತ್ತಾರೆ. ಹಬ್ಬವನ್ನು ತಂದವರು ಪೋರ್ಚುಗೀಸರು. ಮೆಕ್ಕೆಜೋಳ ಮಾತ್ರ ಅವರು ಬರುವ ಮೊದಲೇ ಅಲ್ಲಿನ ಮೂಲ ನಿವಾಸಿಗಳ ಊಟದಲ್ಲಿತ್ತು.

ಬಣ್ಣದ ಕಾಗದದ ಪತಾಕೆ, ಹುಲ್ಲಿನ ಟೋಪಿ, ಚೌಕಳಿ ಅಂಗಿ. ಜೋಡಿ ಜೋಡಿಯಾಗಿ ಕುಣಿಯುತ್ತಾರೆ. ಮುಂದೆ ನಿಂತವನು 'ಹಾವು ನೋಡ್ರೋ' ಅಂತ ಕೂಗಿದರೆ ಎಲ್ಲರೂ ಚೀರಿ ಹಿಂದಕ್ಕೆ ತಿರುಗುತ್ತಾರೆ. 'ಸುಳ್ಳು' ಅಂದ ಮೇಲೆ ಮತ್ತೆ ಕುಣಿತ. ಅಕಾರ್ಡಿಯನ್, ಡೋಲು, ಲೋಹದ ತ್ರಿಕೋನ, ಇಷ್ಟೇ ವಾದ್ಯ. ಈ ಹಳ್ಳಿ ಸಂಗೀತವನ್ನು ಇಡೀ ದೇಶಕ್ಕೆ ಕೇಳಿಸಿದ ಲೂಯಿಸ್ ಗೊನ್ಜಾಗಾ ಹುಟ್ಟಿದ್ದು 1912ರಲ್ಲಿ, ಅದೇ ಒಣನಾಡಿನಲ್ಲಿ. ಕ್ಯಾಂಪಿನಾ ಗ್ರಾಂಡೆ ಮತ್ತು ಕರುವಾರು ಅನ್ನುವ ಎರಡು ಊರುಗಳ ನಡುವೆ ಯಾರ ಹಬ್ಬ ದೊಡ್ಡದು ಅಂತ ಪ್ರತಿ ವರ್ಷ ಪೈಪೋಟಿ.

ನನ್ನ ಮನಸ್ಸು ನಿಂತದ್ದು ಅವರ ಅಡುಗೆಮನೆಯಲ್ಲಿ. ಹಸಿ ಕಾಳನ್ನು ತುರಿದು, ತೆಂಗಿನ ಹಾಲು, ಸಕ್ಕರೆ ಕಲಸಿ, ತೆನೆಯ ಸಿಪ್ಪೆಯಲ್ಲೇ ಕಟ್ಟಿ ಕುದಿಯುವ ನೀರಿಗೆ ಬಿಡುತ್ತಾರೆ. ಅದು ಪಮೋನ್ಯಾ. ಒಬ್ಬರೇ ಮಾಡುವ ಕೆಲಸವಲ್ಲ. ಒಬ್ಬರು ಸುಲಿಯುತ್ತಾರೆ, ಒಬ್ಬರು ತುರಿಯುತ್ತಾರೆ, ಇನ್ನೊಬ್ಬರು ಕಟ್ಟುತ್ತಾರೆ, ಮಾತು ಸಾಗುತ್ತಲೇ ಇರುತ್ತದೆ. ಮೆಕ್ಕೆಜೋಳದ ಹಿಟ್ಟನ್ನು ಹಬೆಯಲ್ಲಿ ಬೇಯಿಸಿದ ಕುಸ್ಕುಸ್ ಅಂತೂ ಅವರಿಗೆ ದಿನಾ ಬೆಳಗಿನ ತಿಂಡಿ. ಹಬ್ಬ ಮುಗಿದರೂ ಅದು ತಟ್ಟೆ ಬಿಡುವುದಿಲ್ಲ.

ಇಲ್ಲಿ ನಾವು ಮುಂಗಾರಿಗೆ ಬಿತ್ತುವುದು ಹೆಚ್ಚಾಗಿ ಮೆಕ್ಕೆಜೋಳವನ್ನೇ. ಒಣಗಿಸಿ, ಮೆಷಿನ್‌ಗೆ ಹಾಕಿ, ದಾವಣಗೆರೆ ಎಪಿಎಂಸಿಗೆ ಸಾಗಿಸುತ್ತೇವೆ. ಅಲ್ಲಿಂದ ಜಾಸ್ತಿ ಹೋಗುವುದು ಕೋಳಿ ಮೇವಿಗೆ. ಸೀಗೆ ಹುಣ್ಣಿಮೆಗೆ ಮೆಕ್ಕೆಜೋಳದ ಹೊಲದಲ್ಲೇ ಪೂಜೆ ಮಾಡಿ ಚರಗ ಚೆಲ್ಲುತ್ತೇವೆ. ಬುತ್ತಿಯಲ್ಲಿ ಜೋಳದ ರೊಟ್ಟಿ, ಕಡುಬು, ಪಲ್ಯ, ಬುತ್ತಿಯನ್ನ ಎಲ್ಲ ಇರುತ್ತದೆ. ಎದುರಿಗೆ ನಿಂತ ಬೆಳೆಯ ಒಂದು ತುತ್ತೂ ಇರುವುದಿಲ್ಲ. ವರ್ಷವಿಡೀ ಸಾಲ, ಮದುವೆ, ಮಕ್ಕಳ ಫೀಸು ಎಲ್ಲ ನಡೆಸುವ ಬೆಳೆ ಅದು. ನನಗೆ ಇದು ಬೇಜಾರಿನ ಸಂಗತಿ.

ಹಾಗಾಗಿ ಹೋದ ವರ್ಷ ಮನೆಯಲ್ಲಿ ಪಮೋನ್ಯಾ ಮಾಡಿಸಿದೆ. ಸಕ್ಕರೆ ಬದಲು ಬೆಲ್ಲ, ಜೊತೆಗೆ ಏಲಕ್ಕಿ. ಅವ್ವ ಮೊದಲು 'ಕೋಳಿ ತಿನ್ನೋದನ್ನ ಹಬ್ಬದಾಗೆ ತಿಂತಾರೇನೋ' ಅಂದಳು. ತಿಂದ ಮೇಲೆ ಪಕ್ಕದ ಮನೆಯ ಚಿಕ್ಕವ್ವನಿಗೂ ಕೊಟ್ಟು ಬಂದಳು. ನಮ್ಮ ಕಡುಬಿಗೆ ಅದು ಅಕ್ಕ-ತಂಗಿ ಇದ್ದಂತೆ, ಮೆತ್ತಗೆ, ಸಿಪ್ಪೆಯ ಹಸಿ ಪರಿಮಳ ಹೊತ್ತು ಬರುತ್ತದೆ.

ಇದಕ್ಕೆ ಕಾಳು ಗಟ್ಟಿಯಾಗುವ ಮೊದಲೇ ತೆನೆ ಮುರಿಯಬೇಕು. ಜೂನ್‌ನಲ್ಲಿ ಬಿತ್ತಿದ್ದು ಸೀಗೆ ಹುಣ್ಣಿಮೆ ಹೊತ್ತಿಗೆ ಒಣಗಿರುತ್ತದೆ. ಅದಕ್ಕೇ ಈ ಸಲ ಬೋರ್‌ವೆಲ್ ಪಕ್ಕ ಕೆಲವು ಸಾಲು ತಡವಾಗಿ ಬಿತ್ತಿದ್ದೇನೆ. ಈ ವರ್ಷದ ಬುತ್ತಿಗೆ ಅದರದ್ದೇ ತೆನೆ.