ನಾಟಕ ಕಟ್ಟಿಕೊಂಡು ತುಮರಿ ಕಡೆ ಹೊರಟವರು ಹಂಚಿನ ಮಾಡು ಎಲ್ಲಿದೆ ಎಂದು ಕೇಳಿಕೊಳ್ಳಿ

ದೀಪಾವಳಿ ಕಳೆದರೆ ಮಳೆ ಮುಗಿಯಿತು ಎಂದುಕೊಂಡು ಮಲೆನಾಡಿನ ಬಯಲಲ್ಲಿ ನಾಟಕ ಇಟ್ಟುಕೊಳ್ಳಬೇಡಿ. ಸ್ವಾತಿ ಮಳೆ ಇನ್ನೂ ಬಾಕಿ ಇರುತ್ತದೆ. ನಮ್ಮದು ಬೆಂಗಳೂರಿನ ಹವ್ಯಾಸಿ ತಂಡ, 14 ಜನ. ಅಕ್ಟೋಬರ್ ಕೊನೆಯಲ್ಲಿ ಸಾಗರ ತಾಲ್ಲೂಕಿನ ತುಮರಿ ಹತ್ತಿರದ ಹಳ್ಳಿಯೊಂದರ ಶಾಲಾ ಮೈದಾನದಲ್ಲಿ ಸಂಜೆ 7ಕ್ಕೆ ಪ್ರಯೋಗ ಇತ್ತು. ಐದೂಮುಕ್ಕಾಲಿಗೆ ಗುಡುಗು ಶುರುವಾಯಿತು.

ಮೊದಲು ಗಾಡಿಯ ವಿಷಯ ಹೇಳಬೇಕು, ಇನ್ನೂ ಹೊಟ್ಟೆ ಉರಿಯುತ್ತಿದೆ. ಬಾಡಿಗೆಗೆ ಹಿಡಿದ ಟೆಂಪೋ ಟ್ರಾವೆಲರ್‌ನ ಮೇಲೆ ಸೆಟ್ಟು ಹೇರಿದ್ದೆವು. "ಟಾರ್ಪಾಲು ನಮ್ಮದೇ ಇದೆ, ಯೋಚನೆ ಮಾಡಬೇಡಿ" ಎಂದು ಗಾಡಿಯವರು ಹೇಳಿದ್ದರು. ತರೀಕೆರೆ ದಾಟುತ್ತಿದ್ದಂತೆ ಮಳೆ ಬಂತು. ಇಳಿದು ನೋಡಿದರೆ ಟಾರ್ಪಾಲು ಅಲ್ಲ, ತೂತು ಬಿದ್ದ ಹಳೇ ಫ್ಲೆಕ್ಸು. ಬೆಳಿಗ್ಗೆ ಹೊತ್ತಿಗೆ ಲೆವೆಲ್‌ಗಳ (ರಂಗದ ಮೇಲೆ ಎತ್ತರಕ್ಕೆ ಇಡುವ ಮರದ ಪೆಟ್ಟಿಗೆಗಳ) ಪ್ಲೈವುಡ್ಡು ಅಂಚಿನಲ್ಲಿ ಪದರ ಪದರವಾಗಿ ಬಿಟ್ಟುಕೊಂಡಿತ್ತು. ಲೆಕ್ಕದಲ್ಲೂ ಮೋಸ. ದಿನಕ್ಕೆ ಕನಿಷ್ಠ 300 ಕಿ.ಮೀ.ಗೆ ಬಾಡಿಗೆ ಕೊಡಬೇಕು ಎಂಬ ಷರತ್ತಿನ ಬಗ್ಗೆ ಮೊದಲು ಬಾಯಿ ಬಿಡಲಿಲ್ಲ. ಗಾಡಿ ಇಡೀ ದಿನ ಶಾಲೆಯ ಮುಂದೆ ನಿಂತಿದ್ದರೂ ಅಷ್ಟಕ್ಕೂ ದುಡ್ಡು ಕಿತ್ತರು. ನೀವು ಹೀಗೆ ಮಾಡಿ: ಜನರೆಲ್ಲ ತಾಳಗುಪ್ಪದ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಿರಿ. ಸೆಟ್ಟು ಮಾತ್ರ ಮುಚ್ಚಿದ ಬಾಡಿಯ ಗೂಡ್ಸ್ ಗಾಡಿಯಲ್ಲಿ ಬರಲಿ. ಷರತ್ತುಗಳನ್ನು ಹೊರಡುವ ಮುಂಚೆ ಬರೆಸಿಕೊಳ್ಳಿ.

ಸಾಗರದಲ್ಲಿ ಶನಿವಾರ ರೂಮು ಹುಡುಕಬೇಡಿ. ಜೋಗಕ್ಕೆ ಬಂದವರ ನೂಕುನುಗ್ಗಲು, ಬಾಯಿಗೆ ಬಂದ ರೇಟು. ಶಾಲೆಯಲ್ಲೋ ಊರವರ ಮನೆಯಲ್ಲೋ ಚಾಪೆ ಹಾಸಿಕೊಂಡು ಮಲಗುವುದು ಎಷ್ಟೋ ವಾಸಿ.

ತುಮರಿಗೆ ಹೋಗಲು ಶರಾವತಿ ಹಿನ್ನೀರು ದಾಟುವುದಂತೂ ಈಗ ಸಲೀಸು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಆಚೆ ದಡದವರಿಗೆ ಸಾಗರಕ್ಕೆ ಬರಲು ಲಾಂಚೇ ಹತ್ತಿರದ ದಾರಿಯಾಗಿತ್ತು, ಕತ್ತಲಾದ ಮೇಲೆ ಅದೂ ಇರುತ್ತಿರಲಿಲ್ಲ. ನಾಟಕ ಮುಗಿಸಿ ಅದೇ ರಾತ್ರಿ ಲಾಂಚಿನಲ್ಲಿ ವಾಪಸಾಗುವ ಮಾತೇ ಇರಲಿಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದಿದೆ, ಎಷ್ಟು ಹೊತ್ತಿಗೆ ಬೇಕಾದರೂ ದಾಟಬಹುದು. ರಜಾದಿನ ಮಾತ್ರ ಸಿಗಂದೂರು ದೇವಸ್ಥಾನಕ್ಕೆ ಹೋಗುವ ವಾಹನಗಳ ಸಾಲಿಗೆ ಸಿಕ್ಕಿಕೊಳ್ಳುತ್ತೀರಿ.

ಇನ್ನು ಆ ಸಂಜೆ. ಮೈದಾನದಲ್ಲಿ ಲೈಟು ಕಟ್ಟಿ ಪರೀಕ್ಷೆ ಮಾಡುತ್ತಿದ್ದೆವು. ಕಾದ ಹ್ಯಾಲೊಜೆನ್ ಮೇಲೆ ನಾಲ್ಕು ಹನಿ ಬಿದ್ದದ್ದೇ ತಡ, ಗಾಜು ಫಟ್ಟೆಂದು ಸಿಡಿಯಿತು. ಕೆಳಗೆ ಬರಿಗಾಲಲ್ಲಿ ನಿಂತಿದ್ದ ಹುಡುಗಿ ಒಂದು ಹೆಜ್ಜೆಯಲ್ಲಿ ಉಳಿದುಕೊಂಡಳು. ಮೋಡ ಕಂಡ ತಕ್ಷಣ ಲೈಟು ಆರಿಸಿ, ಜಂಕ್ಷನ್ ಬಾಕ್ಸನ್ನು ನೆಲದಿಂದ ಎತ್ತಿ ಬೆಂಚಿನ ಮೇಲಿಡಿ. ಆಮೇಲೆ ಉಳಿದ ಕೆಲಸ.

ಊರವರು ಪಕ್ಕದ ಅಡಿಕೆ ಶೆಡ್ಡು ಖಾಲಿ ಮಾಡಿಕೊಟ್ಟರು. ದೊಡ್ಡ ಜಾಗ, ಮೇಲೆ ತಗಡು. ನಮಗೆ ಹೋದ ಜೀವ ಬಂದಂತಾಯಿತು. ನಾಟಕ ಶುರು ಮಾಡಿದೆವು. ಮಳೆ ಜೋರಾದ ಕ್ಷಣದಿಂದ ಸೂತ್ರಧಾರನ ಬಾಯಿ ಆಡುವುದು ಕಾಣುತ್ತಿತ್ತು, ಒಂದು ಮಾತೂ ಕೇಳುತ್ತಿರಲಿಲ್ಲ. ಮೈಕು ಹಚ್ಚಿದರೂ ಅಷ್ಟೇ. ಮುಂದೆ ಕೂತಿದ್ದ ಅಜ್ಜಿಯೊಬ್ಬರು ಕಿವಿಗೆ ಕೈ ಕೊಟ್ಟು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದು ನಿಂತು ಊರ ಹುಡುಗನನ್ನು ಕರೆದು, "ತಮಾ, ಶಾಲೆ ಜಗಲಿ ಹಂಚಿಂದಲ್ವನೋ, ಅಲ್ಲೇ ಮಾಡ್ಲಿ ಬಿಡು" ಎಂದರು. ನೂರಕ್ಕೂ ಹೆಚ್ಚು ಜನ ಪ್ಲಾಸ್ಟಿಕ್ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ಮಳೆಯಲ್ಲೇ ನಡೆದರು. ಒಬ್ಬರೂ ಮನೆಗೆ ಹೋಗಲಿಲ್ಲ.

ಹಂಚಿನ ಮೇಲೆ ಅದೇ ಮಳೆ ಸದ್ದು ಮೆತ್ತಗೆ. ಜಗಲಿ ಮೂಲೆಯಲ್ಲಿ ಇನ್ನೊಂದು ಬದಿಗೆ ತಿರುಗುತ್ತಿತ್ತು. ಒಂದು ಬದಿಯಲ್ಲಿ ನಾವು, ಇನ್ನೊಂದರಲ್ಲಿ ಜನ, ಮಕ್ಕಳು ತರಗತಿಯ ಕಿಟಕಿಯಲ್ಲಿ. ಸೆಟ್ಟು ಬಿಟ್ಟೆವು, ಬರೀ ಮಾತಿನ ಎರಡು ದೃಶ್ಯ ಬಿಟ್ಟೆವು, ಹಾಡು ಒಂದೂ ಬಿಡಲಿಲ್ಲ. ಬಯಲು ನಾಟಕಕ್ಕೆ ಕರೆ ಬಂದಾಗ ಮೈದಾನದ ಅಳತೆಯ ಜೊತೆಗೆ ಹತ್ತಿರದಲ್ಲಿ ಹಂಚಿನ ಮಾಡು ಎಲ್ಲಿದೆ ಎಂದೂ ಫೋನಿನಲ್ಲೇ ಕೇಳಿಕೊಳ್ಳಿ. ತಾಲೀಮಿನಲ್ಲೇ ಒಮ್ಮೆ ಸೆಟ್ಟಿಲ್ಲದೆ, ಚಿಕ್ಕ ಜಾಗದಲ್ಲಿ ಆಡಿ ನೋಡಿ.

ತಮಟೆ ಥಂಡಿಗೆ ಮೆತ್ತಗಾಗಿ ನಾದವೇ ಸತ್ತಿತ್ತು. ಎದುರು ಮನೆಯಲ್ಲಿ ಅಡಿಕೆ ಬೇಯಿಸುವ ಒಲೆ ಉರಿಯುತ್ತಿತ್ತು. ನಮ್ಮ ಹುಡುಗ ಪ್ರತಿ ಹಾಡಿಗೂ ಮುಂಚೆ ಓಡಿಹೋಗಿ, ಚೊಗರಿನ (ಅಡಿಕೆ ಬೇಯಿಸಿದ ನೀರಿನ) ವಾಸನೆಯ ಹೊಗೆಯಲ್ಲಿ ತಮಟೆ ಕಾಯಿಸಿ, ಬೆರಳಲ್ಲಿ ತಟ್ಟಿ ನೋಡಿಕೊಂಡು ಬರುತ್ತಿದ್ದ. ಬರಿಗಾಲಲ್ಲಿ ಕುಣಿಯುವವರು ಉಂಬಳಕ್ಕೆ (ಕಾಲಿಗೆ ಹತ್ತುವ ಜಿಗಣೆಗೆ) ಉಪ್ಪು ಇಟ್ಟುಕೊಂಡಿರಿ.

ಮರುದಿನ ವಾಪಸು ಬರುವಾಗ ಆವಿನಹಳ್ಳಿಗೆ ಮುಂಚೆ ಬೋರ್ಡಿಲ್ಲದ ಒಂದು ಮನೆಹೋಟೆಲಿನಲ್ಲಿ ತಿಂದದ್ದನ್ನು ಮರೆಯಲಾರೆ. ಗಂಡ ಹೆಂಡತಿ ಇಬ್ಬರೇ. ಕಾವಲಿಯಿಂದ ನೇರ ಎಲೆಗೆ ಬೀಳುವ ತೆಳ್ಳಗಿನ ದೋಸೆ, ಮೇಲೆ ಜೋನಿಬೆಲ್ಲ, ತುಪ್ಪ. ಅದು ಮುಗಿಯುವಷ್ಟರಲ್ಲಿ ಕಾಯಿಚಟ್ನಿಯ ಜೊತೆ ಇನ್ನೆರಡು. ಅಪ್ಪೆಮಿಡಿಯ ಉಪ್ಪಿನಕಾಯಿ ಕಚ್ಚಿದರೆ ಸೊನೆಯ ಪರಿಮಳ ಮೂಗಿಗೆ ಏರುತ್ತಿತ್ತು. ಕೊನೆಗೆ ಬಿಸಿ ಕಷಾಯ. 14 ಜನ ಹೊಟ್ಟೆ ಬಿರಿಯೆ ತಿಂದದ್ದಕ್ಕೆ 900 ರೂಪಾಯಿ. ನಮ್ಮ ಒದ್ದೆ ವೇಷಗಳ ಗಂಟು ನೋಡಿ ಆ ಅಮ್ಮ ಕೇಳದೆಯೇ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಎಲ್ಲ ಹರವಿಕೊಟ್ಟರು. ಹೆಚ್ಚು ಜನ ಇದ್ದರೆ ಹಿಂದಿನ ದಿನವೇ ಹೇಳಿ ಹೋಗಿ. ಹತ್ತು ಗಂಟೆ ಮೇಲೆ ಅಲ್ಲಿ ದೋಸೆಹಿಟ್ಟು ಉಳಿದಿರುವುದಿಲ್ಲ.